24ಎಕ್ಸ್ ಎಂಬ ಅಂಕಿ ಎಷ್ಟು ನಿಜ? ಡಿವಿಡಿ, ಬ್ಲೂ-ರೇ ಡ್ರೈವ್‌ಗಳ ಹೋಲಿಕೆ

ಕಂಪ್ಯೂಟರಿಗೆ ಡಿಸ್ಕ್ ಡ್ರೈವ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯ ಕಡೆಗೆ. ಒಂದರ ಮೇಲೆ 24ಎಕ್ಸ್, ಇನ್ನೊಂದರ ಮೇಲೆ 16ಎಕ್ಸ್, ಮತ್ತೊಂದರ ಮೇಲೆ 8ಎಕ್ಸ್. 24 ಎಂದರೆ 8ರ ಮೂರು ಪಟ್ಟು, ಹಾಗಾದರೆ ಕೆಲಸವೂ ಮೂರು ಪಟ್ಟು ಬೇಗ ಮುಗಿಯುತ್ತದೆ ಅಂದುಕೊಳ್ಳುವುದು ಸಹಜ. ಯಾವಾಗಲೂ ಹಾಗಾಗುವುದಿಲ್ಲ. ನಾಲ್ಕು ಬಗೆಯ ಡ್ರೈವ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ: ಡೆಸ್ಕ್‌ಟಾಪ್ ಕ್ಯಾಬಿನೆಟ್‌ನೊಳಗೆ ಕೂರುವ 24ಎಕ್ಸ್ ಡಿವಿಡಿ ರೈಟರ್ (ಎಲ್‌ಜಿ ಜಿಎಚ್24ಎನ್‌ಎಸ್‌ಡಿ1, ಆಸುಸ್‌ನ ಡಿಆರ್‌ಡಬ್ಲ್ಯು-24 ಸಾಲಿನವು), ಯುಎಸ್‌ಬಿಗೆ ಸಿಕ್ಕಿಸುವ ತೆಳು 8ಎಕ್ಸ್ ಡಿವಿಡಿ ರೈಟರ್ (ಎಲ್‌ಜಿ ಜಿಪಿ65ಎನ್‌ಬಿ60), ಕ್ಯಾಬಿನೆಟ್‌ಗೆ ಹಾಕುವ 16ಎಕ್ಸ್ ಬ್ಲೂ-ರೇ ರೈಟರ್ (ಎಲ್‌ಜಿ ಡಬ್ಲ್ಯುಎಚ್16ಎನ್‌ಎಸ್40, ಆಸುಸ್ ಬಿಡಬ್ಲ್ಯು-16ಡಿ1ಎಚ್‌ಟಿ), ಮತ್ತು ಯುಎಸ್‌ಬಿಯ ತೆಳು 6ಎಕ್ಸ್ ಬ್ಲೂ-ರೇ ರೈಟರ್ (ಪಯೋನಿಯರ್ ಬಿಡಿಆರ್-ಎಕ್ಸ್‌ಡಿ ಸಾಲಿನವು).

ಮೊದಲಿಗೆ ಎಕ್ಸ್‌ನ ಲೆಕ್ಕ. ಸಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ. ಡಿವಿಡಿಯ 1ಎಕ್ಸ್ 1,385 ಕೆಬಿ. ಬ್ಲೂ-ರೇಯದು 4.5 ಎಂಬಿ. ಮೂರೂ ಬೇರೆ ಬೇರೆ ಅಳತೆಗೋಲುಗಳು. ಒಂದು ಕಾಲದಲ್ಲಿ ಎಲ್ಲರೂ ಮೆಚ್ಚಿದ್ದ 52ಎಕ್ಸ್ ಸಿಡಿ ಡ್ರೈವ್ ತನ್ನ ತುತ್ತತುದಿಯಲ್ಲಿ ಕೊಡುತ್ತಿದ್ದುದು 7.8 ಎಂಬಿ, 6ಎಕ್ಸ್ ಡಿವಿಡಿ ಅದನ್ನು ದಾಟುತ್ತದೆ, 2ಎಕ್ಸ್ ಬ್ಲೂ-ರೇ ಕೂಡ ದಾಟುತ್ತದೆ.

ಎರಡನೆಯದು, ಪೆಟ್ಟಿಗೆಯ ಮೇಲಿನ ಅಂಕಿ ಡಿಸ್ಕಿನ ಹೊರ ಅಂಚಿನದು. ಹೆಚ್ಚಿನ ವೇಗದಲ್ಲಿ ಡ್ರೈವ್ ಡಿಸ್ಕನ್ನು ಒಂದೇ ಗತಿಯಲ್ಲಿ ತಿರುಗಿಸುತ್ತದೆ. ಒಂದು ಸುತ್ತಿಗೆ ಹೊರ ಅಂಚಿನಲ್ಲಿ ಹೆಚ್ಚು ಉದ್ದದ ಟ್ರ್ಯಾಕ್ ಲೇಸರಿನ ಕೆಳಗೆ ಹಾದುಹೋಗುತ್ತದೆ, ಒಳಗೆ ಕಡಿಮೆ. ದತ್ತಾಂಶ ಶುರುವಾಗುವುದು ನಡುವಿನಿಂದ ಸುಮಾರು 24 ಮಿಲಿಮೀಟರ್ ದೂರದಲ್ಲಿ, ಮುಗಿಯುವುದು 58 ಮಿಲಿಮೀಟರ್ ದೂರದಲ್ಲಿ. ಹಾಗಾಗಿ 24ಎಕ್ಸ್ ಡ್ರೈವ್ ಆರಂಭಿಸುವುದು 10ಎಕ್ಸ್ ಆಸುಪಾಸಿನಲ್ಲಿ. 24 ಮುಟ್ಟುವುದು ಕೊನೆಯ ಕೆಲವು ಸುತ್ತುಗಳಲ್ಲಿ ಮಾತ್ರ. ಇಡೀ ಡಿಸ್ಕಿನ ಸರಾಸರಿ ತೆಗೆದರೆ ಗರಿಷ್ಠ ವೇಗದ ನೂರಕ್ಕೆ ಎಪ್ಪತ್ತರಷ್ಟು, ಅಂದರೆ 17ಎಕ್ಸ್. ಬರೆಯುವುದು ಒಂದೇ ಜಿಬಿ ಆಗಿದ್ದರೆ ಲೇಸರ್ 34 ಮಿಲಿಮೀಟರ್ ದಾಟುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆಗ ಕಂಡ ಗರಿಷ್ಠ ವೇಗ 14ಎಕ್ಸ್ ಅಷ್ಟೆ. ಡಿಸ್ಕನ್ನು ಪೂರ್ತಿ ತುಂಬದವರಿಗೆ 24ಎಕ್ಸ್ ಎಂಬುದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಈಗ ನಿಮಿಷಗಳ ಲೆಕ್ಕಕ್ಕೆ ಬನ್ನಿ, ನಿಜವಾದ ಹೋಲಿಕೆ ಅಲ್ಲೇ ಇರುವುದು. 4.7 ಜಿಬಿಯ ಪೂರ್ತಿ ಡಿವಿಡಿಯನ್ನು 1ಎಕ್ಸ್‌ನಲ್ಲಿ ಬರೆಯಲು 56 ನಿಮಿಷ ಮೀರುತ್ತದೆ. 8ಎಕ್ಸ್ ತೆಳು ಡ್ರೈವ್‌ಗೆ ಹತ್ತಿರಹತ್ತಿರ ಹತ್ತು ನಿಮಿಷ. ಅದೇ 8ಎಕ್ಸನ್ನು ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಆರಿಸಿಕೊಂಡರೆ ಏಳೂವರೆಯಿಂದ ಎಂಟು ನಿಮಿಷ, ಏಕೆಂದರೆ ಅದು 6ಎಕ್ಸ್ ಆಸುಪಾಸಿನಲ್ಲೇ ಶುರುಮಾಡಿ ಬೇಗ 8 ಮುಟ್ಟಿ ಅಲ್ಲೇ ನಿಲ್ಲುತ್ತದೆ. 16ಎಕ್ಸ್‌ಗೆ ಬರವಣಿಗೆ ಐದು ನಿಮಿಷ, 24ಎಕ್ಸ್‌ಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಇದರ ಮೇಲೆ ಆರಂಭದ ಲೇಸರ್ ಹೊಂದಾಣಿಕೆ, ಕೊನೆಯ ಮುಚ್ಚುವ ಕೆಲಸ ಸೇರಿ ಎಲ್ಲದಕ್ಕೂ ಅರ್ಧದಿಂದ ಒಂದು ನಿಮಿಷ ಹೆಚ್ಚು. 16 ಮತ್ತು 12ಎಕ್ಸ್ ನಡುವಿನ ವ್ಯತ್ಯಾಸವಂತೂ ಅರ್ಧ ನಿಮಿಷದ ಆಸುಪಾಸು. ಸಿಡಿಯಲ್ಲಿ ಇದು ಇನ್ನೂ ತಮಾಷೆ: 48 ಮತ್ತು 52ಎಕ್ಸ್ ನಡುವೆ ಇಡೀ 80 ನಿಮಿಷದ ಡಿಸ್ಕಿಗೆ ಉಳಿಯುವುದು ಹತ್ತು ಹನ್ನೊಂದು ಸೆಕೆಂಡು. ಅದಕ್ಕಾಗಿ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಹಾಕಬೇಕು. ನಡುವಿನ ತೂತಿನ ಬಳಿ ಕೂದಲೆಳೆಯ ಬಿರುಕಿದ್ದ ಡಿಸ್ಕ್‌ಗಳು ಆ ಗತಿಯಲ್ಲಿ ಡ್ರೈವ್‌ನೊಳಗೇ ಚೂರಾದದ್ದುಂಟು. 52ರ ನಂತರ ಸಿಡಿಯ ಓಟ ನಿಂತದ್ದು ಇದೇ ಕಾರಣಕ್ಕೆ. ಕೆನ್‌ವುಡ್ ಹೆಸರಿನಲ್ಲಿ ಬಂದ 72ಎಕ್ಸ್ ಡ್ರೈವ್ ಮಾತ್ರ ಏಳು ಕಿರಣಗಳನ್ನು ಒಟ್ಟಿಗೆ ಬಿಟ್ಟು ಏಳು ಸುತ್ತುಗಳನ್ನು ಒಮ್ಮೆಗೇ ಓದುತ್ತಿತ್ತು. ಡಿಸ್ಕ್ ನಿಧಾನ ತಿರುಗಿದರೂ ವೇಗ ಸಿಗುತ್ತಿತ್ತು. ಜಾಣ ಉಪಾಯ, ಆದರೆ ಮುಂದುವರಿಯಲಿಲ್ಲ.

ತೆಳು ಡ್ರೈವ್ ನಿಧಾನವಾಗಿರುವುದು ಅಗ್ಗ ಎಂಬ ಕಾರಣಕ್ಕಲ್ಲ. ದೊಡ್ಡ ಡ್ರೈವ್‌ನಲ್ಲಿ ಟ್ರೇ ಒಳಹೋದ ಮೇಲೆ ಮೇಲಿನಿಂದ ಅಯಸ್ಕಾಂತದ ಬಿಲ್ಲೆಯೊಂದು ಡಿಸ್ಕನ್ನು ಒತ್ತಿ ಹಿಡಿಯುತ್ತದೆ, ಮೋಟಾರಿಗೆ 12 ವೋಲ್ಟ್ ಸಿಗುತ್ತದೆ. ತೆಳು ಡ್ರೈವ್‌ನ ಮೋಟಾರ್, ಲೇಸರ್ ಎರಡೂ ಟ್ರೇಯ ಮೇಲೇ ಕೂತಿವೆ. ಡಿಸ್ಕನ್ನು ನಡುವಿನ ಗುಬುಟಕ್ಕೆ ನಾವೇ ಬೆರಳಿನಿಂದ ಒತ್ತಿ ‘ಟಕ್’ ಎನ್ನುವಂತೆ ಕೂರಿಸಬೇಕು, ಇರುವುದು 5 ವೋಲ್ಟ್ ಮಾತ್ರ. ಐದು ಸಾವಿರ ಸುತ್ತಿನ ಆಚೆಗೆ ಅದನ್ನು ಓಡಿಸುವುದು ಕಷ್ಟ. ಡಿವಿಡಿಗೆ 8, ಸಿಡಿಗೆ 24 ಎಂಬ ಮಿತಿ ಎರಡೂ ಈ ಒಂದೇ ಗತಿಯಿಂದ ಬಂದವು. ಸರಿಯಾಗಿ ಒತ್ತದೆ ಬಿಟ್ಟರೆ ಡಿಸ್ಕ್ ಓಲಾಡುತ್ತದೆ, ಗರ್ ಎನ್ನುತ್ತದೆ, ಡ್ರೈವ್ ವೇಗ ಇಳಿಸಿಕೊಳ್ಳುತ್ತದೆ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸುವವರು ಗಮನಿಸಬೇಕು: ಲೇಬಲ್ ಒಂದು ಮಿಲಿಮೀಟರ್ ಓರೆಯಾದರೂ ತೂಕದ ಸಮತೋಲ ಕೆಡುತ್ತದೆ, ದೊಡ್ಡ ಡ್ರೈವ್ ಕೂಡ ನಡುಗುತ್ತದೆ.

ವೇಗದ ವಿಷಯದಲ್ಲಿ ಬಹಳ ಜನ ಮರೆಯುವ ಪಾಲುದಾರ ಎಂದರೆ ಖಾಲಿ ಡಿಸ್ಕ್. ಪ್ರತಿ ಖಾಲಿ ಡಿಸ್ಕಿನ ಒಳ ಅಂಚಿನಲ್ಲಿ ತಯಾರಕರ ಗುರುತು ಇರುತ್ತದೆ. ಒಮ್ಮೆ ಮಾತ್ರ ಬರೆಯುವ ಡಿವಿಡಿಯಲ್ಲಿ ಪ್ಲಸ್ ಆರ್, ಮೈನಸ್ ಆರ್ ಎಂದು ಎರಡು ಬಗೆ. ವರ್ಬಾಟಿಮ್‌ನ ಒಳ್ಳೆಯ 16ಎಕ್ಸ್ ಡಿವಿಡಿ ಪ್ಲಸ್ ಆರ್‌ನಲ್ಲಿ ‘ಎಂಸಿಸಿ 004’, ತೈಯೋ ಯುಡೆನ್‌ನ 16ಎಕ್ಸ್ ಮೈನಸ್ ಆರ್‌ನಲ್ಲಿ ‘ಟಿವೈಜಿ03’. ಡ್ರೈವ್ ಅದನ್ನು ಓದಿ ತನ್ನ ಫರ್ಮ್‌ವೇರ್‌ನ (ಡ್ರೈವ್‌ನೊಳಗೇ ಇರುವ ತಂತ್ರಾಂಶದ) ಪಟ್ಟಿಯಲ್ಲಿ ಹುಡುಕುತ್ತದೆ: ಡಿಸ್ಕಿನ ಈ ಬಣ್ಣದ ಪದರಕ್ಕೆ (ಲೇಸರ್ ಬರೆಯುವುದು ಇದರ ಮೇಲೆಯೇ) ಲೇಸರ್ ಎಷ್ಟು ಬಿಸಿ ಇರಬೇಕು, ಅದರ ಪ್ರತಿ ಮಿಡಿತ ಎಷ್ಟು ಹೊತ್ತು, ಯಾವ ವೇಗದವರೆಗೆ ಹೋಗಬಹುದು. ಗುರುತು ಪಟ್ಟಿಯಲ್ಲಿದ್ದರೆ ಪೂರ್ತಿ ವೇಗ. ಇಲ್ಲದಿದ್ದರೆ ಸಾಮಾನ್ಯ ಲೆಕ್ಕಾಚಾರಕ್ಕೆ ಇಳಿದು 4ಎಕ್ಸ್ ಅಥವಾ 8ಎಕ್ಸ್‌ಗೆ ನಿಲ್ಲುತ್ತದೆ. ಡಿಸ್ಕಿನ ಮೇಲೆ ಮುದ್ರಿಸಿರುವುದು 16ಎಕ್ಸ್, ಡ್ರೈವ್ 24ಎಕ್ಸ್, ಬರೆದದ್ದು ಮಾತ್ರ 8ಎಕ್ಸ್‌ನಲ್ಲಿ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಡಿಸ್ಕ್ ಬರೆಯುವ ತಂತ್ರಾಂಶವಾದ ಇಮ್ಗ್‌ಬರ್ನ್‌ನಲ್ಲಿ ಡಿಸ್ಕ್ ಹಾಕಿದೊಡನೆ ಬಲಗಡೆಯ ಮಾಹಿತಿ ಪಟ್ಟಿಯಲ್ಲಿ ಈ ಗುರುತೂ, ಡ್ರೈವ್ ಒಪ್ಪುವ ವೇಗಗಳೂ ಕಾಣುತ್ತವೆ. ಡ್ರೈವ್ ಕೊಂಡ ದಿನವೇ ತಯಾರಕರ ತಾಣದಿಂದ ಹೊಸ ಫರ್ಮ್‌ವೇರ್ ಹಾಕಿಕೊಳ್ಳುವುದು ಒಳ್ಳೆಯದು. ಹಾಕುವಾಗ ಡ್ರೈವ್‌ನಲ್ಲಿ ಡಿಸ್ಕ್ ಇರಬಾರದು, ಮಧ್ಯೆ ಕರೆಂಟ್ ಹೋಗಬಾರದು.

ಯಾವ ವೇಗದಲ್ಲಿ ಬರೆದರೆ ಒಳ್ಳೆಯದು? ಅತಿ ನಿಧಾನವೇ ಅತ್ಯುತ್ತಮ ಎಂಬ ನಂಬಿಕೆ 16ಎಕ್ಸ್ ಡಿಸ್ಕ್‌ಗಳಿಗೆ ಸಲ್ಲುವುದಿಲ್ಲ. ಅವುಗಳ ಬಣ್ಣ ವೇಗದ ಬರವಣಿಗೆಗೆಂದೇ ಮಾಡಿದ್ದು, 2 ಅಥವಾ 4ಎಕ್ಸ್‌ನಲ್ಲಿ ಎಷ್ಟೋ ಸಲ ತಪ್ಪು ಹೆಚ್ಚುತ್ತದೆ. 24ಎಕ್ಸ್‌ನಲ್ಲಿ ಹೊರ ಅಂಚಿನ ಕೊನೆಯ ಅರ್ಧ ಜಿಬಿ ಹದಗೆಡಬಹುದು. 8ರಿಂದ 12ಎಕ್ಸ್ ನಡುವೆ ಬರೆದದ್ದು ಹೆಚ್ಚಿನ ಡ್ರೈವ್‌ಗಳಲ್ಲಿ ಅಚ್ಚುಕಟ್ಟು. ಅಂದಮೇಲೆ ಪೆಟ್ಟಿಗೆಯ ಮೇಲಿನ 24 ನಮಗೆ ಬೇಡದ ವೇಗ. ಎರಡು ಪದರದ 8.5 ಜಿಬಿ ಡಿಸ್ಕಿಗೆ ದೊಡ್ಡ ಡ್ರೈವ್ 8ಎಕ್ಸ್, ತೆಳು ಡ್ರೈವ್ 6ಎಕ್ಸ್ ಎನ್ನುತ್ತದೆ. ಮೊದಲ ಪದರ ಮುಗಿದು ಎರಡನೆಯದಕ್ಕೆ ತಿರುಗುವ ಜಾಗದಲ್ಲೇ ಹೆಚ್ಚಿನ ಡಿಸ್ಕ್‌ಗಳು ಸೋಲುವುದು. ಇಲ್ಲಿ 4ಎಕ್ಸ್ ಆರಿಸುವುದೇ ಕ್ಷೇಮ, ಡಿಸ್ಕೂ ಹೆಸರಾಂತದ್ದೇ ಇರಲಿ.

ಬ್ಲೂ-ರೇಗೆ ಬಂದರೆ ವೇಗದ ಅಂಕಿಗೆ ಅರ್ಥ ಬರುತ್ತದೆ, ಏಕೆಂದರೆ ತುಂಬಬೇಕಾದದ್ದು 25 ಜಿಬಿ. 16ಎಕ್ಸ್ ದೊಡ್ಡ ಡ್ರೈವ್ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುವುದನ್ನು 6ಎಕ್ಸ್ ತೆಳು ಡ್ರೈವ್ ಇಪ್ಪತ್ತು ನಿಮಿಷ ಮೀರಿ ಮಾಡುತ್ತದೆ. ವಾರಕ್ಕೆ ಹತ್ತಾರು ಡಿಸ್ಕ್ ತುಂಬುವವರಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ಮತ್ತೆ ಮತ್ತೆ ಬರೆಯಬಹುದಾದ ಬಿಡಿ-ಆರ್‌ಇ ಡಿಸ್ಕಿನಲ್ಲಿ ಎರಡೂ ಸಮ: ಆ ಡಿಸ್ಕ್‌ಗಳ ಮಿತಿಯೇ 2ಎಕ್ಸ್, 25 ಜಿಬಿಗೆ 46 ನಿಮಿಷ. ಅದರ ಮೇಲೆ ಇನ್ನೊಂದು ತೊಡಕು. ಬ್ಲೂ-ರೇ ಡಿಸ್ಕನ್ನು ಕೆಟ್ಟ ಭಾಗಗಳಿಗೆ ಬದಲಿ ಜಾಗ ಮೀಸಲಿಟ್ಟು ಸಿದ್ಧಪಡಿಸಿದ್ದರೆ ಡ್ರೈವ್ ಬರೆದ ಪ್ರತಿ ತುಂಡನ್ನೂ ಹಿಂದಿರುಗಿ ಓದಿ ನೋಡುತ್ತದೆ, ಕೆಟ್ಟಿದ್ದರೆ ಮೀಸಲು ಜಾಗಕ್ಕೆ ಸಾಗಿಸುತ್ತದೆ. ವೇಗ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. 16ಎಕ್ಸ್ ಡ್ರೈವ್ 8ಎಕ್ಸ್ ದಾಟುತ್ತಿಲ್ಲ ಎಂದು ಡ್ರೈವನ್ನು ಹಿಂದಿರುಗಿಸುವ ಮುನ್ನ ಇದನ್ನು ನೋಡಿ. ಇಮ್ಗ್‌ಬರ್ನ್‌ನ ರೈಟ್ ಸೆಟ್ಟಿಂಗ್ಸ್‌ನಲ್ಲಿ ಬಿಡಿ-ಆರ್ (ಒಮ್ಮೆ ಮಾತ್ರ ಬರೆಯುವ ಬ್ಲೂ-ರೇ) ಪರಿಶೀಲನೆ ಬೇಡ ಎನ್ನುವ ಆಯ್ಕೆ ಇದೆ. ಅದನ್ನು ಗುರುತು ಹಾಕಿ, ಬರೆದ ಮೇಲೆ ಒಟ್ಟಿಗೆ ವೆರಿಫೈ ಮಾಡುವುದು ಸರಿಯಾದ ಕ್ರಮ.

ಬ್ಲೂ-ರೇ ಡ್ರೈವ್ ಕೊಂಡರೆ ಡಿವಿಡಿ ವೇಗ ಕಡಿಮೆಯಾಗುತ್ತದೆ ಎಂಬುದೂ ಅಂಕಿಯಲ್ಲಿ ನಿಜ, 24ರ ಬದಲು 16. ಮೇಲಿನ ಲೆಕ್ಕ ನೋಡಿದವರಿಗೆ ಅದು ಕೊರತೆ ಅನಿಸುವುದಿಲ್ಲ. ಓದುವುದರಲ್ಲೂ ಅಷ್ಟೆ: ಬರೆಯಲು 16ಎಕ್ಸ್ ಇರುವ ಎಲ್‌ಜಿ, ಆಸುಸ್ ಡ್ರೈವ್‌ಗಳು ಬ್ಲೂ-ರೇ ಓದುವುದು 12ಎಕ್ಸ್‌ನಲ್ಲಿ. ಅಚ್ಚಾದ ಸಿನಿಮಾ ಡಿವಿಡಿ ಹಾಕಿದಾಗ ಹಲವು ಡ್ರೈವ್‌ಗಳು ಸದ್ದು ಕಡಿಮೆ ಮಾಡಲೆಂದು ತಾವಾಗಿಯೇ ವೇಗಕ್ಕೆ ಕಡಿವಾಣ ಹಾಕುತ್ತವೆ. 16ಎಕ್ಸ್ ಡ್ರೈವ್ ಸಿನಿಮಾ ಡಿಸ್ಕನ್ನು 8ಎಕ್ಸ್‌ಗಿಂತ ನಿಧಾನ ಓದಿದರೆ ಅದು ದೋಷವಲ್ಲ. ನಿಮಗೇ ಸದ್ದು ಬೇಡವಾದರೆ ಲಿನಕ್ಸ್‌ನಲ್ಲಿ ಇಜೆಕ್ಟ್ ಆಜ್ಞೆಗೆ ‘ಎಕ್ಸ್’ ಆಯ್ಕೆಯ ಜೊತೆ ವೇಗದ ಅಂಕಿ ಕೊಟ್ಟರೆ ಸಾಕು.

ಜೋಡಣೆಯ ವಿಷಯ. ಕ್ಯಾಬಿನೆಟ್ ಒಳಗಿನ ಡ್ರೈವನ್ನು ಮದರ್‌ಬೋರ್ಡಿಗೆ ಸೇರಿಸುವ ಸಾಟಾ ಜೋಡಣೆಯ ಹಳೆಯ 1.5 ಗಿಗಾಬಿಟ್ ರೂಪ ಕೂಡ ಸೆಕೆಂಡಿಗೆ 150 ಎಂಬಿ ಹೊರುತ್ತದೆ. ಅತಿ ವೇಗದ 16ಎಕ್ಸ್ ಬ್ಲೂ-ರೇಗೆ ಬೇಕಾದದ್ದು 72. ಆದ್ದರಿಂದ ಡ್ರೈವ್ ಮೇಲೆ ‘ಸಾಟಾ 3’ ಎಂದು ಬರೆದಿಲ್ಲ ಎಂದು ಕೊರಗಬೇಕಿಲ್ಲ. ಯುಎಸ್‌ಬಿ 2.0 ವಾಸ್ತವದಲ್ಲಿ 30ರಿಂದ 35 ಎಂಬಿ ಕೊಡುತ್ತದೆ. 8ಎಕ್ಸ್ ಡಿವಿಡಿಗೆ 11 ಎಂಬಿ ಸಾಕು, ಹಾಗಾಗಿ ತೆಳು ಡಿವಿಡಿ ಡ್ರೈವ್‌ನಲ್ಲಿ ಯುಎಸ್‌ಬಿ 3.0 ಎಂಬ ಜಾಹೀರಾತಿನಿಂದ ವೇಗ ಏನೂ ಹೆಚ್ಚುವುದಿಲ್ಲ. 6ಎಕ್ಸ್ ಬ್ಲೂ-ರೇಗೆ 27 ಎಂಬಿ, ಅದು 2.0ರ ಮಿತಿಗೆ ತೀರಾ ಹತ್ತಿರ, ಹಾಗಾಗಿ ಅಲ್ಲಿ 3.0 ಇದ್ದರೆ ಒಳ್ಳೆಯದು. ಸಾಟಾಕ್ಕಿಂತ ಹಿಂದಿನ, ಅಗಲ ಕೇಬಲ್ಲಿನ ಐಡಿಇ ಡ್ರೈವ್ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು: ವಿಂಡೋಸ್ ಎಕ್ಸ್‌ಪಿ ಕೆಲವು ಓದು ತಪ್ಪುಗಳಾದ ಮೇಲೆ ಆ ಚಾನೆಲ್ಲನ್ನು ಡಿಎಂಎ ಎಂಬ ವೇಗದ ವಿಧಾನದಿಂದ ಪ್ರೊಸೆಸರ್ ಮೇಲೆ ಹೊರೆ ಹಾಕುವ ನಿಧಾನದ ಪಿಐಒಗೆ ಇಳಿಸಿಬಿಡುತ್ತದೆ. ಡಿಸ್ಕ್ ಓದುವಾಗ ಪ್ರೊಸೆಸರ್ ಪೂರ್ತಿ ಬಳಕೆಯಾಗುತ್ತಿದ್ದು, ಮೌಸ್ ತಡವರಿಸುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಮರಳಿ ಸರಿಹೋಗುತ್ತದೆ.

ಯುಎಸ್‌ಬಿ ಡ್ರೈವ್‌ಗಳ ನಿಜವಾದ ತೊಂದರೆ ವಿದ್ಯುತ್ತು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಕೊಡುವುದು 900. ಡಿಸ್ಕ್ ತಿರುಗಲು ಶುರುಮಾಡುವ ಆ ಕ್ಷಣದಲ್ಲಿ, ಹಾಗೂ ಬರೆಯುವ ಲೇಸರ್ ಹೊತ್ತಿಕೊಳ್ಳುವಾಗ, ತೆಳು ಡ್ರೈವ್ ಒಂದು ಆಂಪಿಯರ್ ದಾಟಿ ಎಳೆಯಬಲ್ಲದು. ಕಿಂಡಿ ಸೋತರೆ ಕಾಣುವ ಲಕ್ಷಣಗಳು ಇವು: ಡಿಸ್ಕ್ ಟಕಟಕ ಎಂದು ಶುರುವಾಗಿ ನಿಲ್ಲುತ್ತದೆ, ಡ್ರೈವ್ ಪಟ್ಟಿಯಿಂದ ಮಾಯವಾಗಿ ಮತ್ತೆ ಬರುತ್ತದೆ, ಓದುವುದು ಸರಿಯಿದ್ದು ಬರೆಯುವಾಗ ಮಾತ್ರ ‘ಪವರ್ ಕ್ಯಾಲಿಬ್ರೇಶನ್ ಎರರ್’ ಬರುತ್ತದೆ. ಡಿಸ್ಕನ್ನು ಬಯ್ಯುವ ಮುನ್ನ ಹಬ್ ತೆಗೆದು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಡೆಸ್ಕ್‌ಟಾಪ್ ಆದರೆ ಹಿಂಬದಿಯ ಕಿಂಡಿಗೆ. ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಬೇಡ, ತೆಳು ತಂತಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಆಗಲೂ ಸರಿಹೋಗದಿದ್ದರೆ ಎರಡು ತಲೆಯ ವೈ ಕೇಬಲ್. ದೊಡ್ಡ ಡ್ರೈವನ್ನು ಹೊರಗಿನಿಂದ ಬಳಸುವ ಆಸೆಯಿದ್ದರೆ 12 ವೋಲ್ಟ್ ಅಡಾಪ್ಟರ್ ಇರುವ ಕೇಸ್ ಬೇಕೇ ಬೇಕು. ಲ್ಯಾಪ್‌ಟಾಪ್ ಡ್ರೈವ್ ಬದಲಿಸುವವರು ದಪ್ಪ ಅಳೆದು ಕೊಳ್ಳಲಿ, ಸಾಮಾನ್ಯವಾಗಿ ಸಿಗುವುದು 12.7 ಮತ್ತು 9.5 ಮಿಲಿಮೀಟರಿನವು. ಮುಂದಿನ ಪ್ಲಾಸ್ಟಿಕ್ ಪಟ್ಟಿಯನ್ನು ಹಳೆಯದರಿಂದ ಬಿಚ್ಚಿ ಹಾಕಬೇಕಾಗುತ್ತದೆ.

ಸೌಲಭ್ಯಗಳ ಪಟ್ಟಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಬಫರ್ (ಬರೆಯುವ ಮುನ್ನ ದತ್ತಾಂಶ ಕಾಯುವ ಡ್ರೈವ್‌ನ ಸಣ್ಣ ಮೆಮೊರಿ) ಖಾಲಿಯಾದರೂ ಡಿಸ್ಕ್ ಕೆಡದಂತೆ ತಡೆಯುವ ವ್ಯವಸ್ಥೆ 2000ದಲ್ಲಿ ಸಾನ್ಯೋ ತಂದ ಬರ್ನ್-ಪ್ರೂಫ್‌ನಿಂದ ಶುರುವಾಗಿ ಈಗ ಎಲ್ಲದರಲ್ಲೂ ಇದೆ. ಅದನ್ನು ದೊಡ್ಡದಾಗಿ ಮುದ್ರಿಸಿದ್ದರೆ ಬೇರೆ ಹೇಳಲು ಇಲ್ಲ ಎಂದು ತಿಳಿಯಬಹುದು. ಅದರಿಂದಾಗಿ ಬಫರ್ ಅರ್ಧ ಎಂಬಿಯೋ ಎರಡು ಎಂಬಿಯೋ ಎಂಬುದೂ ಅಷ್ಟು ಮುಖ್ಯವಲ್ಲ. ಡಿಸ್ಕಿನ ಬೆನ್ನಿಗೆ ಲೇಸರಿನಿಂದ ಚಿತ್ರ ಬರೆಯುವ ಲೈಟ್‌ಸ್ಕ್ರೈಬ್ ನೋಡಲು ಚೆಂದ, ಆದರೆ ಒಂದೇ ಬಣ್ಣ, ಅದಕ್ಕೆ ಬೇಕಾದ ವಿಶೇಷ ಡಿಸ್ಕ್‌ಗಳ ತಯಾರಿ ನಿಂತಿದೆ. ಎಂ-ಡಿಸ್ಕ್ ಬೆಂಬಲ ಕಾಳಿನ ಪಾಲು: ಬಣ್ಣದ ಬದಲು ಅಜೈವಿಕ ಪದರ ಇರುವ ಈ ಡಿಸ್ಕಿನ ಡಿವಿಡಿ ರೂಪಕ್ಕೆ ಹೆಚ್ಚು ಬಿಸಿಯ ಲೇಸರ್ ಬೇಕು, ಆದ್ದರಿಂದ ಡ್ರೈವ್‌ನ ಮೇಲೆ ಆ ಗುರುತು ಇರಬೇಕು. ದೀರ್ಘಕಾಲ ಇಡಬೇಕಾದ ಕಡತಗಳಿಗೆ ಇದನ್ನೇ ನೋಡಿ ಕೊಳ್ಳಿ. ಡಿವಿಡಿ ಪ್ಲಸ್ ಆರ್ ಡಿಸ್ಕನ್ನು ಡಿವಿಡಿ-ರೋಮ್ (ಕಾರ್ಖಾನೆಯಲ್ಲೇ ಅಚ್ಚಾದ ಡಿಸ್ಕ್) ಎಂದು ಗುರುತಿಸಿಕೊಳ್ಳುವಂತೆ ಬರೆಯುವ ಬಿಟ್‌ಸೆಟ್ಟಿಂಗ್ ಹಳೆಯ ಪ್ಲೇಯರ್‌ಗಳಿಗೆ ಬರೆಯುವವರಿಗೆ ಉಪಯೋಗಿ; ಲೈಟ್-ಆನ್ ಡ್ರೈವ್‌ಗಳು ಇದಕ್ಕೆ ಹೆಸರುವಾಸಿ. ಯಾವ ಪ್ರದೇಶದ ಸಿನಿಮಾ ಡಿವಿಡಿ ಓದಬೇಕು ಎಂದು ಡ್ರೈವ್‌ಗೆ ಹೇಳುವ ಸಂಕೇತವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ, ವಿಂಡೋಸ್ ಮರುಸ್ಥಾಪಿಸಿದರೂ ಲೆಕ್ಕ ಅಳಿಯದು. ಅಲ್ಟ್ರಾ ಎಚ್‌ಡಿ ಬ್ಲೂ-ರೇ ನೋಡಲೆಂದು ದುಬಾರಿ ಡ್ರೈವ್ ಕೊಳ್ಳುವವರು ಪ್ರೊಸೆಸರ್ ನೋಡಿಕೊಳ್ಳಬೇಕು: ಅಧಿಕೃತ ಪ್ಲೇಯರ್ ತಂತ್ರಾಂಶಕ್ಕೆ ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಬೇಕು, ಹೊಸ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಇಂಟೆಲ್ ಅದನ್ನೇ ತೆಗೆದುಹಾಕಿದೆ.

ಹಾಡಿನ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವುದೇ ಮುಖ್ಯ ಕೆಲಸವಾದರೆ ವೇಗವನ್ನು ಪೂರ್ತಿ ಮರೆತು ಗೀರಿದ ಡಿಸ್ಕನ್ನು ಹೇಗೆ ಓದುತ್ತದೆ ಎಂದಷ್ಟೇ ಕೇಳಬೇಕು. ಗೀರು ಸಿಕ್ಕಾಗ ಒಳ್ಳೆಯ ಡ್ರೈವ್ ವೇಗ ಇಳಿಸಿ ಮತ್ತೆ ಓದುತ್ತದೆ, ಕೆಟ್ಟದ್ದು ಅಂದಾಜಿನಲ್ಲಿ ತುಂಬಿ ಮುಂದೆ ಹೋಗುತ್ತದೆ, ಹಾಡಿನಲ್ಲಿ ‘ಟಿಕ್’ ಉಳಿಯುತ್ತದೆ. ಪಯೋನಿಯರ್‌ನ ಪ್ಯೂರ್‌ರೀಡ್ ಇಲ್ಲಿ ಬೇರೆಯವರಿಗಿಂತ ಒಂದು ಕೈ ಮೇಲು. ಅದರಲ್ಲಿ ಪರ್ಫೆಕ್ಟ್ ಆಯ್ಕೆ ಹಾಕಿದರೆ ಸರಿಯಾಗಿ ಓದಲಾಗದ ಕಡೆ ಅಂದಾಜು ತುಂಬದೆ ಎರರ್ ಕೊಟ್ಟು ನಿಲ್ಲುತ್ತದೆ, ನಂಬಬಹುದು.

ಹೊಸ ಡ್ರೈವ್ ಬಂದ ಮೇಲೆ, ಹಿಂದಿರುಗಿಸುವ ಗಡುವಿನೊಳಗೆ ಹೀಗೆ ಪರೀಕ್ಷಿಸಿ. ಒಂದು ಡಿಸ್ಕನ್ನು ಪೂರ್ತಿ ತುಂಬಿ 12ಎಕ್ಸ್‌ನಲ್ಲಿ (ತೆಳು ಡ್ರೈವ್ ಆದರೆ 8ರಲ್ಲಿ) ಬರೆದು, ವೆರಿಫೈ ಮಾಡಿಸಿ. ನಂತರ ನೀರೋ ಡಿಸ್ಕ್‌ಸ್ಪೀಡ್ ಅಥವಾ ಆಪ್ಟಿ ಡ್ರೈವ್ ಕಂಟ್ರೋಲ್ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಓದುವ ವೇಗದ ಗೆರೆ ತೆಗೆಯಿರಿ. ಗೆರೆ ಎಡದಿಂದ ಬಲಕ್ಕೆ ನಯವಾಗಿ ಏರಬೇಕು. ನಡುನಡುವೆ ಕೆಳಕ್ಕೆ ಬಿದ್ದು ಏಳುತ್ತಿದ್ದರೆ ಅಲ್ಲಿ ಡ್ರೈವ್ ಓದಲಾಗದೆ ಹಿಂಜರಿಯುತ್ತಿದೆ ಎಂದರ್ಥ. ಅದೇ ಡಿಸ್ಕನ್ನು ಬೇರೊಂದು ಡ್ರೈವ್‌ನಲ್ಲಿ ಓದಿಸಿದರೆ ತಪ್ಪು ಬರವಣಿಗೆಯದೋ ಓದಿನದೋ ಗೊತ್ತಾಗುತ್ತದೆ. ಲೈಟ್-ಆನ್‌ನಂತೆ ತಪ್ಪುಗಳ ಎಣಿಕೆ ಕೊಡುವ ಡ್ರೈವ್ ಕೈಲಿದ್ದರೆ ಡಿವಿಡಿಯಲ್ಲಿ ಪಿಐ ತಪ್ಪು (ತಿದ್ದುವ ಮೊದಲ ಹಂತದಲ್ಲಿ ಕಂಡ ತಪ್ಪು) 280ರೊಳಗೆ, ಪಿಐಎಫ್ (ಆ ಹಂತದಲ್ಲಿ ತಿದ್ದಲಾಗದೆ ಉಳಿದದ್ದು) 4ರೊಳಗೆ ಇರಬೇಕು. ಸಿಡಿಯಲ್ಲಿ ಮೊದಲ ಹಂತದ ತಪ್ಪು (ಸಿ1) ಸೆಕೆಂಡಿಗೆ 220ರೊಳಗೆ, ಎರಡನೇ ಹಂತದ್ದು (ಸಿ2) ಸೊನ್ನೆ. ಒಂದು ಡ್ರೈವ್‌ನ ಎಣಿಕೆಯನ್ನು ಇನ್ನೊಂದು ಕಂಪನಿಯ ಡ್ರೈವ್‌ನ ಎಣಿಕೆಗೆ ಹೋಲಿಸಬೇಡಿ, ಪ್ರತಿಯೊಂದೂ ಬೇರೆ ವೇಗದಲ್ಲಿ ಬೇರೆ ರೀತಿ ಎಣಿಸುತ್ತದೆ.

ಬಳಸಿದ ಡ್ರೈವ್ ಕೊಳ್ಳುವುದಾದರೆ ಸಿಡಿ, ಡಿವಿಡಿ, ಬ್ಲೂ-ರೇ ಮೂರನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿ. ಮೂರಕ್ಕೂ ಲೇಸರ್ ಬೇರೆ: 780, 650, 405 ನ್ಯಾನೋಮೀಟರ್. ಒಂದು ಸತ್ತಿದ್ದರೂ ಉಳಿದವು ಚೆನ್ನಾಗಿಯೇ ಓದುತ್ತವೆ, ಮಾರುವವರು ತೋರಿಸುವುದು ಆ ಚೆನ್ನಾಗಿ ಓದುವುದನ್ನೇ. ಟ್ರೇ ತೆರೆಯಲು ತಿಣುಕಿ ಎರಡನೇ ಸಲ ಗುಂಡಿ ಒತ್ತಿದಾಗ ಬರುತ್ತಿದ್ದರೆ ಒಳಗಿನ ಸಣ್ಣ ರಬ್ಬರ್ ಬೆಲ್ಟ್ ಸಡಿಲವಾಗಿದೆ. ದೊಡ್ಡ ಡ್ರೈವ್‌ನಲ್ಲಿ ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಮುಂದಿನ ತೂತಿಗೆ ಚುಚ್ಚಿ ಟ್ರೇ ಹೊರತೆಗೆದರೆ ಬೆಲ್ಟ್ ಎದುರಿಗೇ ಕಾಣುತ್ತದೆ, ಅಷ್ಟೇ ಅಳತೆಯದು ಹಾಕಿದರೆ ಆಯಿತು. ಬಿಚ್ಚುವ ಮುನ್ನ ಕರೆಂಟ್ ತಂತಿ ತೆಗೆದಿರಬೇಕು. ಲೆನ್ಸ್ ಒರೆಸಲು ಹತ್ತಿಯ ಕಡ್ಡಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು, ಒತ್ತದೆ ಒಂದು ಸುತ್ತು. ಲೆನ್ಸ್ ನಿಂತಿರುವುದು ಕೂದಲಿನಂಥ ತಂತಿಗಳ ಮೇಲೆ. ಒತ್ತಿ ಅವು ಬಾಗಿದರೆ ಮತ್ತೆ ರಿಪೇರಿ ಇಲ್ಲ.